ಕಪ್ಪು ಕುಡಿದ ಪ್ರೊಜೆಕ್ಟರ್

ಏಳು ವರ್ಷದ ಮಗಳು ಹಂಸಿನಿಯ ಎರಡನೆಯ ಜಡೆಗೆ ಸುಗುಣ ಕೈ ಹಾಕಿದ್ದಳಷ್ಟೇ, ನಡುಮನೆಯಿಂದ ಮೈದುನ ತ್ರಿಯಂಬಕನ ಕೂಗು ಕೇಳಿತು.

"ಅತ್ತಿಗೇ, ಬೇಗ ಬನ್ನಿ! ಚಿತ್ರದ ಪರೀಕ್ಷೆ ಮಾಡೋಕೆ ಒಬ್ರು ಬೇಕು!"

"ಏನಪ್ಪಾ ಬೆಳಬೆಳಗ್ಗೆ? ಇವಳಿಗೆ ಸ್ಕೂಲಿಗೆ ಹೊತ್ತಾಯ್ತು."

ಗೊಣಗುತ್ತಲೇ ಸುಗುಣ, ಹಿಡಿದ ಜಡೆ ಬಿಡದೆ, ಮಗಳನ್ನೂ ನಡೆಸಿಕೊಂಡು ಬಂದಳು. ಟಿ.ವಿ. ರಿಪೇರಿಯ ತ್ರಿಯಂಬಕ ಕಿಟಕಿಗೆಲ್ಲ ಕಂಬಳಿ ಕಟ್ಟಿ, ತಾನೇ ಮಾಡಿದ ಪ್ರೊಜೆಕ್ಟರನ್ನು ಹಿಟ್ಟಿನ ಡಬ್ಬಿಯ ಮೇಲೆ ಕೂರಿಸಿದ್ದ. ಗೋಡೆಗೆ ಹರಡಿದ ಬಿಳಿ ಪಂಚೆಯ ಮೇಲೆ ಒಂದು ಕಾಗೆ.

"ಹೇಗಿದೆ?"

"ಚೆನ್ನಾಗಿದೆ. ಕಾಗೆ ಸ್ವಲ್ಪ ಬೂದಿ ಬಳ್ಕೊಂಡ ಹಾಗಿದೆ."

"ಅದೇ ನೋಡಿ ರೋಗ! ಬೆಳಕು ಚೆಲ್ಲೋ ಯಂತ್ರ ಕಪ್ಪನ್ನ ಎಲ್ಲಿಂದ ತರುತ್ತೆ? ನಂದು ತರುತ್ತೆ! ಅಸಲಿ ಕಪ್ಪು ಒಂದ್ಸಲ ತೋರಿಸಿದ್ರೆ ಸಾಕು, ಹೀರಿ ಪರದೆಗೆ ಹಾಕುತ್ತೆ."

ಅವನ ಕಣ್ಣು ಹಂಸಿನಿಯ ಕೆನ್ನೆಯ ದೃಷ್ಟಿಬೊಟ್ಟಿನ ಮೇಲೆ ನಿಂತಿತು. ಸುಗುಣ ಹರಳೆಣ್ಣೆ ದೀಪದಲ್ಲಿ ಹಿಡಿದ ಕಾಡಿಗೆ. ಅದಕ್ಕಿಂತ ಕಪ್ಪು ಆ ಮನೆಯಲ್ಲಿ ಬೇರೊಂದಿಲ್ಲ. ಬೇಡವೆನ್ನುವಷ್ಟರಲ್ಲಿ ಯಂತ್ರದ ಮೂತಿ ಮಗುವಿನತ್ತ ತಿರುಗಿತು.

ಗೊರ್ರ್! ಬೊಟ್ಟು ಮಾಯ! ಕಾಗೆ ಮಿರಮಿರ ಮಿಂಚಿತು.

"ನೋಡಿದ್ರಾ!" ತ್ರಿಯಂಬಕ ಕುಣಿದ.

ಸುಗುಣ ಇನ್ನೊಂದು ಕೈಯಿಂದ ಮಗಳ ಕೆನ್ನೆ ಸವರಿ ನೋಡಿದಳು. ಬೊಟ್ಟಿಲ್ಲದೆ ಮಗುವನ್ನು ಅವಳು ಹೊಸ್ತಿಲು ದಾಟಿಸಿದವಳೇ ಅಲ್ಲ. ಅಷ್ಟರಲ್ಲಿ ಅವಳ ಮುಷ್ಟಿಯಲ್ಲಿದ್ದ ಅರ್ಧ ಜಡೆ ತುದಿಯಿಂದ ನೆತ್ತಿಯವರೆಗೆ ಹತ್ತಿಯಂತೆ ಬೆಳ್ಳಗಾಯಿತು!

"ಆರಿಸೋ ಅದನ್ನ!"

"ಆರಿಸಿದೆ ಅತ್ತಿಗೆ! ಒಳಗೆ ಬ್ಯಾಟರಿ ಇದೆ!"

"ಕಿತ್ತು ಹಾಕು!"

"ಬೆಸುಗೆ ಹಾಕ್ಬಿಟ್ಟಿದೀನಿ!"

ಮಗುವಿನ ಹುಬ್ಬು ಹೋಯಿತು, ರೆಪ್ಪೆ ಹೋಯಿತು. ಪರದೆಯ ಮೇಲೆ ಒಂದು ಕಾಗೆ ನಾಲ್ಕಾಯಿತು. ಹಂಸಿನಿಯ ಕಣ್ಣುಗುಡ್ಡೆಯ ಕಪ್ಪು ಅಂಚಿನಿಂದ ಬೂದುಬಣ್ಣಕ್ಕೆ ತಿರುಗತೊಡಗಿದ್ದು ಕಂಡದ್ದೇ, ಸುಗುಣ ಮಗಳನ್ನು ಮಡಿಲಿಗೆಳೆದುಕೊಂಡು ಯಂತ್ರಕ್ಕೆ ಬೆನ್ನು ಕೊಟ್ಟು ಕುಸಿದು ಕೂತಳು.

"ಬೇಕಾದ್ರೆ ನಂದು ತಗೋ!"

ಯಂತ್ರ ಅವಳ ಕೂದಲಿಗೆ ಬಾಯಿ ಹಾಕಿತು. ಗೊರ್ರ್... ಗೊಕ್! ಅದರ ನೆತ್ತಿಯ ಮೇಲೆ ಕೆಂಪು ಅಕ್ಷರ ಹೊತ್ತಿಕೊಂಡಿತು: 'ನಕಲಿ ಕಪ್ಪು'.

"ಅತ್ತಿಗೆ, ನೀವು ಡೈ ಹಚ್ತೀರಾ?"

"ಈಗ ಅದಾ ಮುಖ್ಯ, ಮುಠ್ಠಾಳ!"

ಯಂತ್ರಕ್ಕೆ ವಾಕರಿಕೆ ಬಂದು, ಹೀರಿದ್ದನ್ನೆಲ್ಲ ಕಕ್ಕಿ ಆರಿಹೋಯಿತು. ಜಡೆ ಕಪ್ಪಾಯಿತು, ಹುಬ್ಬು ಮೂಡಿತು, ಕಣ್ಣು ಮೊದಲಿನಂತೆ ಹೊಳೆಯಿತು. ಸುಗುಣ ಆ ಕಣ್ಣುಗಳನ್ನು ಎರಡೆರಡು ಸಲ ಬಿಡಿಸಿ ನೋಡಿದಳು. ಆದರೆ ಮಗು ತುಟಿ ಬಿಚ್ಚಲಿಲ್ಲ.

"ಪುಟ್ಟೀ, ಏನಾದ್ರೂ ಮಾತಾಡೇ..." ಅವಳು ಮಗಳ ಗಲ್ಲ ಹಿಡಿದೆತ್ತಿದಳು.

ತ್ರಿಯಂಬಕ ಕಂಬಳಿ ಸರಿಸಿದ. ಬಿಸಿಲು ಒಳಗೆ ಬಿತ್ತು. ಕಾಗೆಗಳಿರಲಿಲ್ಲ. ಪಂಚೆಯ ಮೇಲೆ ಒಂದೂವರೆ ಜಡೆಯ ನೆರಳೊಂದು ಕಾಲು ಚಾಚಿ ಕೂತು, ಇತ್ತ ಕೈ ಬೀಸುತ್ತಿತ್ತು. ಹಂಸಿನಿಯ ಕಾಲ ಬುಡದಲ್ಲಿ ನೆರಳೇ ಇರಲಿಲ್ಲ.

ಹಂಸಿನಿ ಅದಕ್ಕೆ ಕೈ ಬೀಸಿ, ಅಮ್ಮನತ್ತ ತಿರುಗಿದಳು.

"ಅಮ್ಮಾ, ಇವತ್ತು ಸ್ಕೂಲಿಗೆ ನಾನು ಹೋಗ್ಲಾ, ಅವಳು ಹೋಗ್ತಾಳಾ?"