ಒಂಬೈನೂರು ರೂಪಾಯಿಯ ಫ್ಲ್ಯಾಶು

ನನ್ನ ಫ್ಲ್ಯಾಶಿಗೆ ಬಿದ್ದದ್ದು ಒಂಬೈನೂರು ರೂಪಾಯಿ. ಅಂಗಡಿಯವರು ಹೇಳಿದ್ದು ಸಾವಿರದ ನಾನೂರು. ರೀಲು ಕ್ಯಾಮೆರಾ ಕಾಲದ ಹಳೇ ಮಾಲು ಎಂದು ಮೂಗು ಮುರಿದು ಮುನ್ನೂರು ಇಳಿಸಿದೆ. ಡಿಜಿಟಲ್ ಕ್ಯಾಮೆರಾಕ್ಕೆ ಇದನ್ನು ಹಾಕಿದರೆ ಯಾವ ಮೋಡಿನಲ್ಲಿ ಹೇಗೆ ಎಂದು ಅರ್ಧ ಗಂಟೆ ಕೂತು ಹೇಳಿಕೊಡುತ್ತೇನೆ ಎಂದರು. "ಪಾಠ ಬ್ಯಾಡಿ, ಅದರ ಬಾಬ್ತು ಇನ್ನೂರು ಬುಟ್ಬುಡಿ" ಎಂದೆ. ಹಿನಕಲ್ಲಿನಲ್ಲಿ ನಲ್ಲಿ, ಪೈಪು ಮಾರಿಯೇ ಮೇಲೆ ಬಂದವನು ನಾನು. ಬೇಡದ್ದಕ್ಕೆ ದುಡ್ಡು ಕೊಡುವ ಜಾಯಮಾನ ನನ್ನದಲ್ಲ.

ಆಗ ಅಕ್ಕ, ಭಾವ ಬೋಗಾದಿಯಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ದಿನ ಮಠದ ಬುದ್ಧಿಯವರು ಬಂದು ಪಾದಪೂಜೆ ಮಾಡಿಸಿಕೊಳ್ಳಲು ಒಪ್ಪಿದ್ದರು. ಆ ಫೋಟೋಕ್ಕೆಂದು ಅಕ್ಕ, ಸೋಫಾ ಬರುವ ಮೊದಲೇ, ಹಾಲಿನ ಗೋಡೆಗೆ ಮೊಳೆ ಹೊಡೆಸಿದ್ದಳು. ನಾನೇ ತೆಗೆಯುತ್ತೇನೆಂದು, ಗೊತ್ತುಮಾಡಿದ್ದ ಫೋಟೋಗ್ರಾಫರನ್ನು ಬಿಡಿಸಿದ್ದೆ. "ಒಂದೇ ಫೋಟೋ ಕಣೋ, ಅದೊಂದು ಚೆನ್ನಾಗಿ ಬಂದ್ಬುಟ್ರೆ ಸಾಕು" ಎಂದಳು ಅಕ್ಕ.

ಹಾಲುಕ್ಕಿಸುವ ಹೊತ್ತಿಗೆ 'ಎ' ಮೋಡಿನಲ್ಲಿಟ್ಟಿದ್ದೆ. ಅದರಲ್ಲಿ ಬೆಳಕಿನ ಕಿಂಡಿ ನಮ್ಮ ಕೈಯಲ್ಲಿ, ಶಟರಿನ ವೇಗ ಕ್ಯಾಮೆರಾದ ಕೈಯಲ್ಲಿ. ಅದು ಅಡುಗೆಮನೆಯ ಮಬ್ಬನ್ನೂ ತುಂಬಿಕೊಳ್ಳೋಣವೆಂದು ಶಟರು ತೆರೆದುಕೊಂಡೇ ಕೂತಿತು. ಫ್ಲ್ಯಾಶು ಒಬ್ಬ ಭಾವನನ್ನು ಹಿಡಿಯಿತು. ಆಮೇಲೆ ಅಲುಗಾಡಿದ ಭಾವ ಪಕ್ಕದಲ್ಲೇ ದೆವ್ವದಂತೆ ಮೂಡಿದ. ಒಬ್ಬಳೇ ಅಕ್ಕ, ಇಬ್ಬರು ಭಾವಂದಿರು.

ನಿಧಾನ ರೋಗವಾದರೆ ವೇಗವೇ ಮದ್ದು ತಾನೆ? ಎಲ್ಲವೂ ನಮ್ಮ ಕೈಯಲ್ಲೇ ಇರುವ 'ಎಂ' ಮೋಡಿಗೆ ತಿರುಗಿಸಿ, ಶಟರನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಇಟ್ಟೆ. ಇನ್ನೂರನೇ ಒಂದು ಭಾಗದಲ್ಲೇ ನಿಲ್ಲಿಸಲು ಮನಸ್ಸಾಗಲಿಲ್ಲ. ಮೇಲಿನ ಅಂಕಿಗಳಿಗೂ ದುಡ್ಡು ಕೊಟ್ಟಿದ್ದೇನಲ್ಲ. ಹೊಂದುವ ಫ್ಲ್ಯಾಶಾಗಿದ್ದರೆ ಅಷ್ಟು ವೇಗಕ್ಕೆ ಹೋಗದಂತೆ ಕ್ಯಾಮೆರಾವೇ ತಡೆಯುತ್ತಿತ್ತಂತೆ. ನನ್ನದರ ಪರಿಚಯವೇ ಅದಕ್ಕಿರಲಿಲ್ಲ. ಬ್ಯಾಟರಿ ಉಳಿಯಲೆಂದು ಹಿಂದಿನ ಪರದೆಯನ್ನೂ ಆರಿಸಿ, ಪಾದಪೂಜೆ ಮುಗಿಯುವವರೆಗೆ ಮೂವತ್ತು ಸಲ ಮಿಂಚಿಸಿದೆ. "ಬೆಳಕು ಬಹಳ ಜೋರಾಯ್ತಲ್ಲಪ್ಪ" ಎಂದು ಬುದ್ಧಿಯವರು ಕಣ್ಣುಜ್ಜಿಕೊಂಡರು. ಹೊಗಳಿಕೆ ಎಂದುಕೊಂಡೆ.

ಅವರ ಕಾರು ಇಲವಾಲ ದಾಟಿರಬಹುದಾದ ಹೊತ್ತಿಗೆ ಪರದೆ ಹಚ್ಚಿದೆ. ಮೂವತ್ತರಲ್ಲೂ ಮೇಲರ್ಧ ಹಗಲು, ಕೆಳಗರ್ಧ ಅಮಾವಾಸ್ಯೆ. ಶಟರು ಆ ವೇಗಕ್ಕೆ ಪೂರ್ತಿ ತೆರೆಯುವುದೇ ಇಲ್ಲವಂತೆ. ಫ್ಲ್ಯಾಶು ಮಿಂಚಿದಾಗ ಅರ್ಧ ಬಾಗಿಲು ಮುಚ್ಚಿತ್ತು. ಬುದ್ಧಿಯವರ ಮುಖವಿದೆ, ಬಗ್ಗಿದ ಅಕ್ಕನ ತಲೆಯಿದೆ. ಪಾದವಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅದರಲ್ಲೂ ಚೌಕಾಸಿ ಮಾಡಬಹುದಿತ್ತು. ಮೊಳೆ ಬರಿದಾಗಿರಬಾರದೆಂದು ಅದರಲ್ಲೇ ಒಂದಕ್ಕೆ ಕಟ್ಟು ಹಾಕಿಸಿ ನೇತುಹಾಕಿದಳು. ಎಲ್ಲರೂ ಬಗ್ಗಿ ಕತ್ತಲಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಬಂದವರು ಕೇಳುತ್ತಾರೆ. "ನಮ್ಮ ತಮ್ಮ ಉಳಿಸಿದ ಇನ್ನೂರು ರೂಪಾಯಿ ಕಣ್ರೀ" ಎನ್ನುತ್ತಾಳೆ.

ಆದ್ದರಿಂದ ಓದುಗರೇ, ಗಡಿಬಿಡಿಯಿದ್ದರೆ, ಕಿಂಡಿ, ವೇಗ ಎರಡನ್ನೂ ಕ್ಯಾಮೆರಾವೇ ನೋಡಿಕೊಳ್ಳುವ 'ಪಿ' ಮೋಡಿನಲ್ಲಿಡಿ. 'ಎ' ಮೋಡಿನಲ್ಲಿ ಶಟರು ಎಷ್ಟು ನಿಧಾನವಾಯಿತೆಂದು ಕಣ್ಣಿಡಿ. 'ಎಂ' ಮೋಡಿನಲ್ಲಿ ಕ್ಯಾಮೆರಾದ ಪುಸ್ತಕ ಹೇಳಿದ ವೇಗ ಮೀರಬೇಡಿ. ನನ್ನದಕ್ಕೆ ಅದು ಇನ್ನೂರು. ಮೊದಲ ಚಿತ್ರವನ್ನೇ ತೆರೆದು ನೋಡಿ. ಇದಿಷ್ಟನ್ನೂ ಆಮೇಲೆ ಅದೇ ಅಂಗಡಿಯವರಲ್ಲಿ ಕಲಿತೆ. ಪಾಠಕ್ಕೆ ಈಗ ನಾನೂರು ಎಂದರು. ಅಕ್ಕ ಪಕ್ಕದಲ್ಲೇ ಇದ್ದಳು. ಬಾಯಿ ಮುಚ್ಚಿಕೊಂಡು ಕೊಟ್ಟೆ. ನೀವೂ ಹಾಗೇ ಮಾಡಿ, ಆದರೆ ಮೊದಲನೇ ಸಲವೇ.