ಬಣ್ಣದ ಬಿರುಕು

ಹಾಲೇಶಪ್ಪನಿಗೆ ಬೇಕಾಗಿದ್ದದ್ದು ಗೋಡೆಗೆ ಒಂದು ಕೈ ಸುಣ್ಣ, ಅಷ್ಟೇ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರವಿದ್ದ ಅವನ ಹೋಟೆಲಿನ ಮಣ್ಣಿನ ಗೋಡೆಗಳು ಅಪ್ಪನ ಕಾಲದಿಂದಲೂ ಮಿರ್ಚಿ ಬಜ್ಜಿ ಕರಿದ ಹೊಗೆ ಕುಡಿದು ಕುಡಿದು ಎಮ್ಮೆಯ ಮೈಬಣ್ಣಕ್ಕೆ ತಿರುಗಿದ್ದವು. ಆ ಮಾತನ್ನು ಅವನು ಊಟಕ್ಕೆ ಕೂತಾಗ ಹೆಂಡತಿ ಗಂಗಾಂಬಿಕಾಳ ಮುಂದೆ ಆಡಿದ. ಆಡಬಾರದಿತ್ತು. ಪಕ್ಕದ ತಟ್ಟೆಯ ಮುಂದೆ ಕೂತಿದ್ದ ಅವಳ ತಮ್ಮ ಪ್ರವೀಣಕುಮಾರ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಲೆಯೆತ್ತಿದ.

ಪ್ರವೀಣಕುಮಾರ್ ದಾವಣಗೆರೆಯಲ್ಲಿ ಒಳಾಂಗಣ ವಿನ್ಯಾಸದ ಕೋರ್ಸು ಮುಗಿಸಿ ಬಂದವನು. ಸದ್ಯಕ್ಕೆ ಅಕ್ಕನ ಮನೆಯ ಒಳಾಂಗಣದಲ್ಲಿ ಕಾಲು ಚಾಚಿಕೊಂಡಿದ್ದ. ಸುಣ್ಣವನ್ನೆಲ್ಲ ಈಗ ಯಾರೂ ಕೇಳುವುದಿಲ್ಲ, ಜನ ಬರಬೇಕೆಂದರೆ ಹೋಟೆಲು ರೆಟ್ರೋ ಆಗಬೇಕು ಎಂದು ಅವನು ತಿಳಿಸಿ ಹೇಳಿದ. ಹಾಗೆಂದರೇನು ಎಂದು ಹಾಲೇಶಪ್ಪ ಕೇಳಿದ. ಹಳೆಯ ಕಾಲದ್ದರ ಹಾಗೆ ಕಾಣುವುದು ಎಂದು ಉತ್ತರ ಬಂತು.

“ನಮ್ಮ ಹೋಟ್ಲು ಹಳೇದೇ ಐತಲ್ಲೋ.”

“ಅದು ಬರೇ ಹಳೇದು ಮಾವಾ, ರೆಟ್ರೋ ಅಲ್ಲ. ಹಳೇದು ತಾನಾಗೇ ಆಗ್ತೈತಿ. ರೆಟ್ರೋ ಮಾಡಬೇಕಾಗ್ತೈತಿ.”

ತಮ್ಮ ಇಷ್ಟು ಓದಿದ್ದು ಸುಮ್ಮನೇನು ಎಂದು ಗಂಗಾಂಬಿಕಾ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅಲ್ಲಿಗೆ ಸಭೆ ಮುಗಿಯಿತು.

ಕೆಲಸ ಶುರುವಾಯಿತು. ಅಪ್ಪನ ಕಾಲದ ತೇಗದ ಬೆಂಚುಗಳು ಗುಜರಿ ಗಾಡಿ ಹತ್ತಿ ಹೋದವು. ಅವುಗಳ ಜಾಗಕ್ಕೆ ಹುಬ್ಬಳ್ಳಿಯಿಂದ ಹೊಚ್ಚ ಹೊಸ ಬೆಂಚುಗಳು ಬಂದವು. ಹೊಸದಾಗಿ ಕಂಡದ್ದೇ ಅವುಗಳ ತಪ್ಪೆಂಬಂತೆ ಪ್ರವೀಣಕುಮಾರ್ ಅವನ್ನು ಕಬ್ಬಿಣದ ಸರಪಳಿಯಿಂದ ಹೊಡೆಸಿ, ಮರಳು ಕಾಗದದಿಂದ ಉಜ್ಜಿಸಿ, ಅಲ್ಲಲ್ಲಿ ಸುಡಿಸಿ ಮುದಿ ಮಾಡಿಸಿದ. ಗೋಡೆಯ ಮಸಿಯನ್ನು ಕೆರೆದು, ಕನ್ನಡಿಯ ಹಾಗೆ ನುಣುಪು ಮಾಡಿ, ಆ ನುಣುಪಿನ ಮೇಲೆ ಪೇಂಟರನ ಕೈಯಿಂದ ಕಿತ್ತುಹೋದ ಗಾರೆ, ಇಣುಕುವ ಇಟ್ಟಿಗೆ, ಮೇಲಿನಿಂದ ಕೆಳಗಿನವರೆಗೆ ಹರಿದ ಬಿರುಕುಗಳನ್ನು ಬರೆಸಿದ. ಕಿಟಕಿಗಳನ್ನು ಹಲಗೆಯಿಂದ ಮುಚ್ಚಿಸಿ, ಸೂರಿನಿಂದ ಒಂದು ಸೈಕಲ್ಲನ್ನು ತೂಗುಹಾಕಿದ. ಕೋಳಿ ಮುಚ್ಚುವ ಬುಟ್ಟಿಗಳೊಳಗೆ ಬಲ್ಬುಗಳು ಹೊಕ್ಕವು. ವೈರು ಎಳೆಯಲು, ಬುಟ್ಟಿ ನೇತುಹಾಕಲು, ಸೈಕಲ್ಲಿಗೆ ಕೊಕ್ಕೆ ಹೊಡೆಯಲು ಡ್ರಿಲ್ಲಿಂಗ್ ಮಷಿನ್ನು ಮುಂಜಾನೆಯಿಂದ ಸಂಜೆವರೆಗೆ ಗೊರಕೆ ಹೊಡೆಯಿತು. ಕೊನೆಗೆ ಬಾಗಿಲ ಮೇಲೆ ‘ಹಳೇ ಕಾಲ’ ಎಂದು ಹೊಸ ಬೋರ್ಡು ಏರಿತು.

ಉದ್ಘಾಟನೆಯ ದಿನ ಮುಂಜಾನೆ ಪೂಜೆ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು ಹಾಲೇಶಪ್ಪ ಗಲ್ಲಾದ ಮೇಲೆ ಕೂತ. ಮೊದಲು ಬಂದವನು ಕರಿಸಿದ್ದಪ್ಪ. ಕುರಿ ವ್ಯಾಪಾರದವನು, ಸಂತೆ ಇರಲಿ ಬಿಡಲಿ, ಈ ಹೋಟೆಲಿನ ಮಿರ್ಚಿ ತಿನ್ನದೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ, ಕರೆಂಟು ಹೋಗಿದೆಯೇ ಎಂದು ವಿಚಾರಿಸಿದ. ಇಲ್ಲ, ಇದು ಲೈಟಿಂಗು ಎಂದು ಪ್ರವೀಣಕುಮಾರ್ ಹೇಳಿದ. ಕರಿಸಿದ್ದಪ್ಪ ತಡವರಿಸುತ್ತ ಹೋಗಿ ಬೆಂಚೆಂದುಕೊಂಡು ಹೂಕುಂಡದ ಮೇಲೆ ಕೂತ. ಎಬ್ಬಿಸಿ ಬೆಂಚಿಗೆ ಕೂರಿಸಿದ ಮೇಲೆ ತಲೆಯ ಮೇಲಿನ ಸೈಕಲ್ಲು ಕಂಡು, ಅದರ ಕೆಳಗೆ ಕೂರಲಾರೆ ಎಂದು ಎದ್ದ. ಮೂರನೆಯ ಜಾಗದಲ್ಲಿ ತಟ್ಟೆ ಬಂತು. ಬುಟ್ಟಿಯ ಕೆಂಪು ಬೆಳಕಿನಲ್ಲಿ ಚಟ್ನಿ ಯಾವುದು, ನೀರು ಯಾವುದು ತಿಳಿಯದೆ ಅವನು ಮಿರ್ಚಿಯನ್ನು ನೀರಿನ ಲೋಟದಲ್ಲಿ ಅದ್ದಿ ತಿಂದು, ಚಟ್ನಿ ಇಂದು ಸಪ್ಪಗಿದೆ ಎಂದು ಹೇಳಿದ. ಆಮೇಲೆ ಮೊಬೈಲಿನ ಟಾರ್ಚು ಹಚ್ಚಿ ಬಾಯಿಗೆ ಕಚ್ಚಿಕೊಂಡು ಮಂಡಕ್ಕಿ ತಿನ್ನಲು ನೋಡಿದ. ಟಾರ್ಚು ಬಾಯಲ್ಲಿದ್ದರೆ ಮಂಡಕ್ಕಿ ಎಲ್ಲಿಗೆ ಹೋಗಬೇಕು ಎಂಬುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು.

ಇಷ್ಟನ್ನೂ ಹಾಲೇಶಪ್ಪ ಸಹಿಸಿಕೊಂಡಾನು. ಆದರೆ ಆಮೇಲೆ ನಾಗಲಿಂಗಮ್ಮ ಬಂದಳು.

ನಾಗಲಿಂಗಮ್ಮನದು ಪಕ್ಕದ ಬಳೆ ಅಂಗಡಿ. ಊರಿನ ಸುದ್ದಿಯೆಲ್ಲ ಆ ಅಂಗಡಿಯಲ್ಲಿ ಒಮ್ಮೆ ಇಳಿದು, ಕೈತುಂಬ ಬಳೆ ತೊಟ್ಟುಕೊಂಡೇ ಮುಂದೆ ಹೋಗುತ್ತಿತ್ತು. ಅವಳು ಇಡ್ಲಿಯ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿದಳು. ಬುಟ್ಟಿಯಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಬಿರುಕೊಂದು ಕೈ ತೂರಿಸಬಹುದು ಎಂಬಷ್ಟು ಆಳವಾಗಿ ಕಾಣುತ್ತಿತ್ತು. ಅವಳು ತಟ್ಟೆಯನ್ನು ಸಾವಕಾಶ ಎತ್ತಿಕೊಂಡು ರಸ್ತೆಗೆ ನಡೆದು, ಅಲ್ಲಿ ನಿಂತು ಇಡ್ಲಿ ಮುಗಿಸಿದಳು. ಕೈ ತೊಳೆದ ಮೇಲೆ ಬಾಯಿ ತೆರೆದಳು.

ಮಧ್ಯಾಹ್ನದೊಳಗೆ ಹಾಲೇಶಪ್ಪನ ಹೋಟೆಲು ಬೀಳುವುದಿದೆ ಎಂದು ಊರಿಗೆಲ್ಲ ತಿಳಿಯಿತು. ರಸ್ತೆಯ ಆಚೆ ಬದಿಗೆ ಜನ ಕೂಡಿ, ಬೀಳುವುದನ್ನು ನೋಡಿಯೇ ಹೋಗೋಣವೆಂದು ಕಾದರು. ಎದುರಿನ ಚಹಾದ ಗಾಡಿಗೆ ಒಳ್ಳೆಯ ವ್ಯಾಪಾರವಾಯಿತು. ಹಗರಿಬೊಮ್ಮನಹಳ್ಳಿಯ ಬಸ್ಸಿಗೆ ನಿಂತಿದ್ದ ಕೆಲವರು ಬಂದ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಹೋದರಾಯಿತು ಎಂದುಕೊಂಡರು. ಸುದ್ದಿ ಅಷ್ಟಕ್ಕೇ ನಿಲ್ಲದೆ ಹರಪನಹಳ್ಳಿ ಮುಟ್ಟಿತು. ಅಲ್ಲಿಂದ ಗಂಗಾಂಬಿಕಾಳ ಚಿಕ್ಕಮ್ಮ ಫೋನು ಮಾಡಿ, ಹಾಲೇಶಪ್ಪ ಹೇಗಿದ್ದಾನೆಂದು ಅತ್ತು, ಈಗಲೇ ಹೊರಡಬೇಕೋ ಇನ್ನೂ ಸ್ವಲ್ಪ ಕಾಯಬೇಕೋ ಎಂದು ಕೇಳಿದಳು. ಗಂಗಾಂಬಿಕಾ ಫೋನನ್ನು ಗಂಡನ ಕೈಗೇ ಕೊಟ್ಟಳು. ತಾನು ಬದುಕಿದ್ದೇನೆಂದು ಹಾಲೇಶಪ್ಪ ಹೇಳಿದರೂ ಆ ಕಡೆಯವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಅವನು ಹೊರಗೆ ಬಂದು, ಬಿರುಕು ಖರೇ ಅಲ್ಲ, ಬಣ್ಣದಲ್ಲಿ ಬರೆಸಿದ್ದು ಎಂದು ಜನರಿಗೆ ವಿವರಿಸಿದ. ಯಾರೂ ಒಪ್ಪಲಿಲ್ಲ. ಗೋಡೆ ಬಿರಿದರೆ ಮುಚ್ಚಿಸುವವರನ್ನು ಅವರು ಕಂಡಿದ್ದರೇ ಹೊರತು, ಗಟ್ಟಿ ಗೋಡೆಗೆ ಬಿರುಕು ಬರೆಸುವವರನ್ನು ಕಂಡಿರಲಿಲ್ಲ.

“ಗಟ್ಟಿ ಮುಟ್ಟಾಗಿರೋ ಮನಶಾ ಕಾಲಿಗೆ ಪಟ್ಟಿ ಕಟ್ಟಿಗೆಂಡು ಕುಂಟ್ತಾನೇನು ಹಾಲೇಶಣ್ಣ?” ಎಂದು ನಾಗಲಿಂಗಮ್ಮ ಕೇಳಿದಳು.

ಹಾಲೇಶಪ್ಪ ಸಿಟ್ಟಿನಿಂದ ಒದ್ದೆ ಬಟ್ಟೆ ತಂದು, ಎಲ್ಲರೂ ನೋಡುವಂತೆ ಬಾಗಿಲ ಪಕ್ಕದ ಬಿರುಕನ್ನು ಒರೆಸಲು ಹೋದ. ಪ್ರವೀಣಕುಮಾರ್ ಅಡ್ಡ ನಿಂತು, ಇದು ಕೈಯಿಂದ ಮಾಡಿದ ಕಲೆ, ಒರೆಸಕೂಡದು ಎಂದ. ಸುಳ್ಳು ಬಿರುಕಾದರೆ ಒರೆಸಲು ಹೆದರಿಕೆ ಏಕೆ ಎಂದು ಆಚೆ ಬದಿಯಿಂದ ಯಾರೋ ಕೂಗಿದರು. ಹಾಲೇಶಪ್ಪ ಭಾವಮೈದುನನನ್ನು ಪಕ್ಕಕ್ಕೆ ತಳ್ಳಿ ಉಜ್ಜಿದ. ಬಣ್ಣ ಅರ್ಧ ಹೋಯಿತು, ಅರ್ಧ ಕಲಸಿಕೊಂಡು ಬೂದಿ ಬಣ್ಣದ ರಾಡಿಯಾಗಿ ನಿಂತಿತು. ಹಸಿ ಸಿಮೆಂಟು ಮೆತ್ತಿ ಬಿರುಕು ಮುಚ್ಚುತ್ತಿದ್ದಾನೆ ಎಂದು ಜನ ಮಾತಾಡಿಕೊಂಡು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು.

ಒಳಗೆ ಮಿರ್ಚಿ ಆರುತ್ತಿತ್ತು. ಮಂಡಕ್ಕಿ ಮೆತ್ತಗಾಗುತ್ತಿತ್ತು. ಅಪ್ಪನ ಕಾಲದಲ್ಲಿ ಒಂದು ದಿನವೂ ಖಾಲಿ ಕೂರದ ಹೋಟೆಲಿನಲ್ಲಿ ಈಗ ಸೈಕಲ್ಲೊಂದೇ ಇತ್ತು. ಹಾಲೇಶಪ್ಪ ಹೊಸ್ತಿಲ ಮೇಲೆ ತಲೆಗೆ ಕೈಹೊತ್ತು ಕೂತ. ಅದನ್ನು ಕಂಡು ಮರುಗಿದ ಕರಿಸಿದ್ದಪ್ಪ ಹತ್ತಿರ ಬಂದು, ಕಟ್ಟಡಗಳನ್ನು ನೋಡಿ ಗಟ್ಟಿ ಪೊಳ್ಳು ಹೇಳುವ ಇಂಜಿನಿಯರ್ ಅಮರೇಶ್ ಇದೇ ಊರಿನಲ್ಲಿರುವಾಗ ಈ ಮೂಢರ ಹತ್ತಿರ ವಾದವೇಕೆ, ಅವರ ಬಾಯಿಂದಲೇ ಹೇಳಿಸಿದರಾಯಿತಲ್ಲ ಎಂದು ಸಲಹೆ ಕೊಟ್ಟ.

ಹಾಲೇಶಪ್ಪ ಸ್ಕೂಟರು ಹತ್ತಿ ಹೋದ. ಊಟ ಮುಗಿಸಿ ಒರಗಿದ್ದ ಅಮರೇಶರನ್ನು ಎಬ್ಬಿಸಿ, ಕೈಮುಗಿದು, ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದ. ಅಮರೇಶರು ಒಳಗೆ ಹೋದರು. ಬಾಗಿಲವರೆಗೆ ಜನ ಅವರ ಹಿಂದೆ ಬಂದರು. ಅವರು ಬಿರುಕೊಂದರ ಮೇಲೆ ಬೆರಳಾಡಿಸಿದರು, ಉಗುರಿನಿಂದ ಕೆರೆದರು, ಬೆರಳಿನ ಗಂಟಿನಿಂದ ಬಡಿದು ಕಿವಿಗೊಟ್ಟರು. ಎರಡನೆಯದನ್ನೂ ಹಾಗೆಯೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ತಮ್ಮ ಸರ್ವಿಸಿನಲ್ಲೇ ಇಂಥ ಬಿರುಕು ನೋಡಿಲ್ಲ, ಎಲ್ಲ ಬರೇ ಬಣ್ಣ, ಧೈರ್ಯವಾಗಿ ಕೂತು ತಿನ್ನಿರಿ ಎಂದು ಹೇಳಿ, ತಾವೇ ಬೆಂಚಿನ ಮೇಲೆ ಕೂತು ಮಿರ್ಚಿ ತರಿಸಿದರು.

ಹಾಲೇಶಪ್ಪನ ಹೋಟೆಲು ತುಂಬಿತು. ಕಾದು ಕಾದು ಹಸಿದಿದ್ದ ಜನ ಒಮ್ಮೆಲೇ ನುಗ್ಗಿದರು. ಬಿರುಕಿಗೆ ಬೆನ್ನು ಕೊಟ್ಟು, ಗೋಡೆಯನ್ನು ಎರಡೂ ಕೈಯಿಂದ ತಡೆಹಿಡಿದವರ ಹಾಗೆ ನಿಂತು ಸೆಲ್ಫಿ ತೆಗೆದುಕೊಂಡರು. ಮುಂಜಾನೆ ಹೂಕುಂಡದ ಮೇಲೆ ಕೂತಿದ್ದ ಕರಿಸಿದ್ದಪ್ಪ ಈಗ ಬಂದವರಿಗೆಲ್ಲ ಲೈಟಿಂಗು ಎಂದರೇನೆಂದು ತಿಳಿಸಿಕೊಡುತ್ತಿದ್ದ. ನಾಗಲಿಂಗಮ್ಮ ಸರಿಯಾಗಿ ಸೈಕಲ್ಲಿನ ಕೆಳಗೆ ಕೂತು, ತನಗೆ ಮೊದಲೇ ಗೊತ್ತಿತ್ತು, ಬೇರೆಯವರು ಏನೆನ್ನುತ್ತಾರೋ ನೋಡೋಣವೆಂದು ಸುಮ್ಮನಿದ್ದೆ ಎಂದಳು. ಗಂಗಾಂಬಿಕಾ ತಮ್ಮನ ತಲೆ ಸವರಿದಳು. ಹಾಲೇಶಪ್ಪ ಕೂಡ ಅವನ ಬೆನ್ನು ತಟ್ಟಿದ. ಮದುವೆಯಾದಾಗಿನಿಂದ ಹೆಂಡತಿಯ ತವರಿನ ಕಡೆಯವರ ಬಗ್ಗೆ ಅವನಿಗೆ ಇಷ್ಟು ಪ್ರೀತಿ ಬಂದದ್ದು ಇದೇ ಮೊದಲು.

ಅಮರೇಶರು ಕೈ ತೊಳೆದು, ಸೋಂಪು ಬಾಯಿಗೆ ಹಾಕಿಕೊಳ್ಳಲು ಗಲ್ಲಾದ ಹತ್ತಿರ ಬಂದರು. ಸೋಂಪು ಹಿಡಿದ ಕೈ ಅರ್ಧಕ್ಕೇ ನಿಂತಿತು. ಅವರು ಹಾಲೇಶಪ್ಪನ ತಲೆಯ ಹಿಂದಿನ ಗೋಡೆಯನ್ನು ನೋಡುತ್ತಿದ್ದರು.

“ಹಾಲೇಶಪ್ಪಾರ, ಇದನ್ನ ಬರೆದಾವ ಬ್ಯಾರೆ ಪೇಂಟರ್ ಏನ್ರಿ? ಉಳಿದವೆಲ್ಲಕ್ಕಿಂತ ಭಾಳ ಚಲೋ ಬಂದೈತಿ. ಮಣ್ಣು ಉದುರೋದನ್ನೂ ಮಾಡ್ಯಾನ.”

ಹಾಲೇಶಪ್ಪ ಹೆಮ್ಮೆಯಿಂದ ಪ್ರವೀಣಕುಮಾರನನ್ನು ಕರೆದು, ಸಾಹೇಬರು ಹೊಗಳುತ್ತಿದ್ದಾರೆ, ಕೇಳು ಎಂದ. ಪ್ರವೀಣಕುಮಾರ್ ನಗುತ್ತಲೇ ಬಂದ. ಗೋಡೆ ನೋಡಿದ. ನಗು ನಿಂತಿತು. ಅವನು ಮಾವನ ಕಿವಿಯ ಹತ್ತಿರ ಬಾಗಿದ.

“ಮಾವಾ, ಇದು ನಾವು ಬರೆಸಿದ್ದಲ್ಲ.”

ಅಮರೇಶರು ಬಿರುಕಿಗೆ ಬೆರಳಿಟ್ಟರು. ಬೆರಳು ಒಳಗೆ ಹೋಯಿತು. ಅವರು ಅದನ್ನು ಮೆಲ್ಲಗೆ ಹೊರತೆಗೆದು, ಮೇಲೆ ಸೈಕಲ್ಲಿನ ಕೊಕ್ಕೆಯನ್ನೂ ಗೋಡೆಯ ತುಂಬ ಹೊಡೆದ ತೂತುಗಳನ್ನೂ ನೋಡಿ, ಮಣ್ಣಿನ ಹಳೆಯ ಗೋಡೆ ಇಷ್ಟು ಡ್ರಿಲ್ಲಿಂಗು ತಡೆಯುವುದಿಲ್ಲ, ಜನರನ್ನು ಈಗಿಂದೀಗಲೇ ಹೊರಗೆ ಕಳಿಸಿ ಬೀಗ ಹಾಕಬೇಕು, ಗೋಡೆ ಕೆಡವಿ ಹೊಸದಾಗಿ ಕಟ್ಟುವವರೆಗೆ ಬಾಗಿಲು ತೆರೆಯುವಂತಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹೇಳಿದವರೇ ಎಲ್ಲರಿಗಿಂತ ಮೊದಲು ರಸ್ತೆಗೆ ಇಳಿದರು.

ಹಾಲೇಶಪ್ಪ ಬೆಂಚಿನಿಂದ ಬೆಂಚಿಗೆ ಓಡಿದ. ಗೋಡೆ ಬಿರಿದಿದೆ, ಎದ್ದು ಹೊರಗೆ ನಡೆಯಿರಿ ಎಂದು ಒಬ್ಬೊಬ್ಬರಿಗೂ ಕೈಮುಗಿದ. ಯಾರೂ ಅಲ್ಲಾಡಲಿಲ್ಲ. ಕೆಲವರು ಮೆಚ್ಚಿ ನಕ್ಕರು. ಕರಿಸಿದ್ದಪ್ಪ ಅವನ ಭುಜ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡ.

“ಮುಂಜಾನಿಂದ ಬಣ್ಣ ಬಣ್ಣ ಅಂದಿ. ಈಗ ನಾವು ನಂಬೀವಿ, ನೀ ಖರೇ ಅಂತೀಯಲ್ಲೋ. ಹೋಗು, ಇನ್ನೊಂದು ಪ್ಲೇಟ್ ಮಿರ್ಚಿ ತಗಂಡ್ ಬಾ.”

ಅಂಥದ್ದೇ ಇನ್ನೊಂದು ಪ್ಲೇಟು ತನಗೂ ಬೇಕೆಂದಳು ನಾಗಲಿಂಗಮ್ಮ. ಗಲ್ಲಾದ ಮೇಲೆ ಅಂಗೈಯಗಲದ ಗಾರೆ ಕಳಚಿ ಬಿತ್ತು. ಅದು ಬಿದ್ದದ್ದನ್ನು ಮೊಬೈಲಿನಲ್ಲಿ ಹಿಡಿಯಲಾಗಲಿಲ್ಲವೆಂದು ಒಬ್ಬಾತ ಕೊರಗಿ, ಮತ್ತೊಮ್ಮೆ ಬೀಳಿಸಲು ಬರುತ್ತದೆಯೇ ಎಂದು ಪ್ರವೀಣಕುಮಾರನನ್ನು ಕೇಳಿದ.

ಹಾಲೇಶಪ್ಪನಿಗೆ ಬೇರೆ ದಾರಿ ಕಾಣಲಿಲ್ಲ. ಕತ್ತಲಾದರೆ ಎದ್ದು ಹೋದಾರು ಎಂದುಕೊಂಡು ಓಡಿಹೋಗಿ ಮೇನ್ ಸ್ವಿಚ್ಚು ಆರಿಸಿದ. ಬುಟ್ಟಿಗಳ ಬೆಳಕೆಲ್ಲ ಒಮ್ಮೆಲೇ ಹೋಯಿತು. ಮರುಕ್ಷಣ ಆ ಕತ್ತಲೆಯ ತುಂಬ ಜೋರಾಗಿ ಚಪ್ಪಾಳೆ ಬಿತ್ತು.