ಮೂರನೇ ಅಂಕದ ಸಿಗಾರು

ಆ ಭಾನುವಾರ ಪೆಟ್ಟಿಗೆಯಣ್ಣನ ಹೆಂಡತಿ ಕಿಟಕಿಯ ಪರದೆಗಳನ್ನು ಒಗೆಯದೆ ಇದ್ದಿದ್ದರೆ ಇಷ್ಟೆಲ್ಲ ಫಜೀತಿ ಆಗುತ್ತಲೇ ಇರಲಿಲ್ಲ.

"ಮನೆಯೊಳಗೆ ಬೆಂಕಿಕಡ್ಡಿ ಗೀರಿ ನೋಡಿ ಮತ್ತೆ," ಎಂದಳು ಆಕೆ, ಒದ್ದೆ ಪರದೆಯನ್ನು ಪಟಪಟ ಕೊಡವುತ್ತಾ. "ಇವಕ್ಕೆ ಚುಟ್ಟದ ವಾಸನೆ ಹತ್ತಿದ್ರೆ ನಿಮ್ಮನ್ನೂ ಒಗೆದು ಇದೇ ತಂತಿ ಮೇಲೆ ಹಾಕ್ತೀನಿ."

"ಚುಟ್ಟ ಅನ್ನಬೇಡ ಕಣೆ. ಸಿಗಾರು. ಕ್ಯೂಬಾದ್ದು."

"ಯಾವ ದೇಶದ್ದಾದ್ರೇನು, ಹೊಗೆ ಹೊಗೇನೇ."

ಪೆಟ್ಟಿಗೆಯಣ್ಣ ಕರವಸ್ತ್ರ ಬಿಡಿಸಿ ಇನ್ನೊಮ್ಮೆ ನೋಡಿಕೊಂಡ. ಹಡಗಿನಲ್ಲಿ ಅಡುಗೆ ಮಾಡುವ ಭಾಮೈದ ಹಿಂದಿನ ಸಂಜೆ ತಂದುಕೊಟ್ಟದ್ದು. ಗೇಣುದ್ದ, ಕಿರುಬೆರಳಿಗಿಂತ ತುಸು ದಪ್ಪ, ನುಣುಪಾದ ಕಂದು ಮೈ, ಕುತ್ತಿಗೆಗೊಂದು ಬಂಗಾರದ ಪಟ್ಟಿ, ತಲೆಯ ತುದಿಯಲ್ಲಿ ಎಲೆಯನ್ನೇ ತಿರುಚಿ ಬಿಟ್ಟ ಪುಟ್ಟ ಜುಟ್ಟು. ಆ ಜುಟ್ಟನ್ನು ಅವನು ಮಗುವಿನ ತಲೆ ಸವರಿದ ಹಾಗೆ ಬೆರಳ ತುದಿಯಿಂದ ಸವರಿದ.

ಅವನು ನಾಟಕ ಕಂಪನಿಯಲ್ಲಿ ರಂಗದ ಸಾಮಾನು ನೋಡಿಕೊಳ್ಳುವವನು. ಸದಾ ಒಂದು ಮರದ ಪೆಟ್ಟಿಗೆಯ ಬಳಿ ಇರುತ್ತಿದ್ದುದರಿಂದ ಈ ಹೆಸರು. ಬದುಕಿಡೀ ಸುಳ್ಳು ವಸ್ತು ಮಾಡಿಯೇ ಅನ್ನ ತಿಂದವನು. ರಟ್ಟಿನ ಕಿರೀಟ, ಮೇಣದ ಹಣ್ಣು, ಬಣ್ಣದ ನೀರಿನ ಮದ್ಯ, ಎಲ್ಲ ಅವನ ಕೈಯಲ್ಲಿ ಹುಟ್ಟಿದವು. ಖಳನಾಯಕನ ಸಿಗಾರೂ ಅಷ್ಟೇ. ಕಂದು ಕಾಗದ ಸುತ್ತಿ, ಚಹಾದ ನೀರಿನಲ್ಲಿ ಅದ್ದಿ ಒಣಗಿಸಿ, ಒಳಗೆ ಒಣಗಿದ ಎಲೆ ತುಂಬಿ, ಅಂಟು ಹಚ್ಚಿ, ಬಂಗಾರದ ಕಾಗದದ ಪಟ್ಟಿ ಸುತ್ತುತ್ತಿದ್ದ.

ಅದಕ್ಕೆ ಮಾದರಿ ಇದ್ದದ್ದು ದಾರಿಯಲ್ಲಿನ ಹೊಗೆಸೊಪ್ಪಿನ ಅಂಗಡಿಯ ಗಾಜಿನ ಹಿಂದೆ. ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವನು ಆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದ. ಬಾಗಿಲಿಗೆ ಬಂದು ನಿಂತ ಅಂಗಡಿಯ ಮುದುಕರು ಒಮ್ಮೆ ಹೇಳಿದ್ದರು: "ಆ ದಪ್ಪನೆಯವು ಮೊನ್ನೆ ಮೊನ್ನೆ ದುಡ್ಡು ಮಾಡಿದವರಿಗೆ. ಈ ಸಪೂರದ್ದಕ್ಕೆ ಪುರುಸೊತ್ತು ಬೇಕು ನೋಡಿ. ಅವಸರ ಮಾಡಿ ಎಳೆದ್ರೆ ಕಾದು ಕಹಿಯಾಗುತ್ತೆ. ಮೆಲ್ಲಗೆ ಎಳೆದ್ರೆ ಇಡೀ ಸಂಜೆ ನಿಮ್ಮ ಜೊತೆ ಕೂತಿರುತ್ತೆ."

ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಇಡೀ ಸಂಜೆ ಅವನ ಜೊತೆ ಯಾರೂ ಕೂತದ್ದೇ ಇಲ್ಲ. ಪೆಟ್ಟಿಗೆಯಣ್ಣಾ ಕುರ್ಚಿ, ಪೆಟ್ಟಿಗೆಯಣ್ಣಾ ಕತ್ತಿ, ಪೆಟ್ಟಿಗೆಯಣ್ಣಾ ಹಗ್ಗ ಎಂದು ಕೂಗಿ ಓಡಿಸುವವರೇ ಎಲ್ಲ. ಒಂದು ಸಲ, ಒಂದೇ ಒಂದು ಸಲ, ನಿಜವಾದ ವಸ್ತುವೊಂದನ್ನು ಕೈಯಲ್ಲಿ ಹಿಡಿದು, ಯಾರೂ ಎಬ್ಬಿಸದಂತೆ ಕೂತಿರಬೇಕೆಂದು ಅವನ ಆಸೆ. ಅಷ್ಟೇ. ಆದರೆ ಆ ಅಷ್ಟೇ ಎನ್ನುವುದು ಸಣ್ಣದೇನಲ್ಲ.

ಮನೆಯಲ್ಲಿ ಆಗುವುದಿಲ್ಲವೆಂದಾದ ಮೇಲೆ ಅವನು ಇನ್ನೊಂದು ಉಪಾಯ ಮಾಡಿದ. ರಂಗಮಂದಿರದ ತಾರಸಿಯ ಮೇಲೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಹಳೆಯ ನಾಟಕದ ಮುರುಕು ಸಿಂಹಾಸನವೊಂದು ಬಿದ್ದಿತ್ತು. ಮಧ್ಯಾಹ್ನದ ಆಟ ಮುಗಿದ ಮೇಲೆ ಎಲ್ಲರೂ ಕಾಲು ಚಾಚುತ್ತಾರೆ. ಆಗ ಸದ್ದಿಲ್ಲದೆ ಮೇಲೆ ಹೋಗಿ ಸಿಂಹಾಸನ ಏರಿಬಿಡುವುದು.

ಅಂಗಡಿಯ ಮುಂದೆ ಹಾಯುವಾಗ ಅವತ್ತು ಮೊದಲ ಸಲ ಅವನು ಗಾಜಿನ ಹತ್ತಿರ ಹೋಗಲಿಲ್ಲ. ಜೇಬು ತಟ್ಟಿಕೊಂಡು ಎದೆ ಉಬ್ಬಿಸಿ ನಡೆದ. ಬಾಗಿಲು ಮುಚ್ಚುತ್ತಿದ್ದ ಮುದುಕರು ಕನ್ನಡಕ ಏರಿಸಿ ನೋಡಿದರು.

"ಏನಪ್ಪಾ, ಇವತ್ತು ನಮ್ಮ ಕಿಟಕಿ ಬೇಡವಾಯ್ತಾ? ನಾನೇ ನಿಮ್ಮ ನಾಟಕಕ್ಕೆ ಹೊರಟಿದ್ದೀನಿ. ಮುಂದಿನ ಸಾಲಲ್ಲೇ ಚೀಟಿ ತಗೊಂಡಿದ್ದೀನಿ."

"ಬನ್ನಿ, ಬನ್ನಿ," ಎಂದ ಪೆಟ್ಟಿಗೆಯಣ್ಣ, ಕಂಪನಿಯೇ ತನ್ನದು ಎನ್ನುವ ಹಾಗೆ.

ಆದರೆ ಅವನಿಗಿಂತ ಮೊದಲೇ ಸುದ್ದಿ ರಂಗಮಂದಿರ ತಲುಪಿತ್ತು. ಭಾಮೈದ ರಾತ್ರಿ ಚಹಾದಂಗಡಿಯಲ್ಲಿ ಕೂತು ಊರಿಗೆಲ್ಲ ಹೇಳಿದ್ದ. ಬಾಗಿಲಲ್ಲೇ ಮ್ಯಾನೇಜರು ಅಡ್ಡ ನಿಂತರು.

"ಸಿಗಾರಂತೆ! ನೋಡು, ಈ ಕಟ್ಟಡದಲ್ಲಿ ಹೊಗೆ ಬಿಡೋ ಹಕ್ಕು ಖಳನಾಯಕನಿಗೆ ಒಬ್ಬನಿಗೇ. ಅದೂ ಮೂರನೇ ಅಂಕದಲ್ಲಿ ಮಾತ್ರ."

"ತಂದಿಲ್ಲ ಸಾರ್. ಮನೇಲೇ ಇದೆ," ಎಂದು ಸುಳ್ಳು ಹೇಳಿ ಪೆಟ್ಟಿಗೆಯಣ್ಣ ಒಳಗೆ ನುಸುಳಿದ.

ಒಳಗೆ ಮುಖಕ್ಕೆ ಬಣ್ಣ ಹಚ್ಚುವ ಬಣ್ಣದಕ್ಕ ಕಾಯುತ್ತಿದ್ದಳು. "ಎಲ್ಲಣ್ಣಾ ಅದು? ಸೇದಲ್ಲ ಮಾರಾಯ, ಬರೀ ಮೂಸಿ ಕೊಡ್ತೀನಿ."

"ಮನೇಲೇ ಬಿಟ್ಟು ಬಂದೆ ಅಕ್ಕ."

ಅಷ್ಟರಲ್ಲಿ ಹಿಂದಿನಿಂದ ಬಂದ ದಪ್ಪನೆಯ ಕೈಯೊಂದು ಅವನ ಕೋಟಿನ ಎಡ ಜೇಬಿಗೆ ಇಳಿಯಿತು. ಯಜಮಾನ್ರು! ಯಾವ ನಾಟಕವಾದರೂ ಕೆಟ್ಟ ಶ್ರೀಮಂತನ ಪಾತ್ರ ಇವರದೇ ಆದ್ದರಿಂದ ರಂಗದ ಹೊರಗೂ ಎಲ್ಲರೂ ಇವರನ್ನು ಹಾಗೇ ಕರೆಯುತ್ತಿದ್ದರು. ಬೇರೆಯವರ ವಸ್ತುವನ್ನು ತಮ್ಮದೆಂದುಕೊಳ್ಳುವ ಅಭ್ಯಾಸವೂ ಪಾತ್ರದಿಂದಲೇ ಅಂಟಿತ್ತು.

"ಒಂದು ದಮ್ಮು ಕೊಡಯ್ಯಾ. ಇಷ್ಟು ವರ್ಷ ನಿನ್ನ ಕಾಗದದ ಚುಟ್ಟ ಸೇದಿ ನನ್ನ ಗಂಟಲು ಗೋಂದು ಹಿಡಿದಿದೆ."

"ಇಲ್ಲ ಯಜಮಾನ್ರೇ, ಆಣೆಗೂ ಇಲ್ಲ," ಎಂದು ಬಲ ಜೇಬನ್ನು ಹಿಡಿದುಕೊಂಡು ಪೆಟ್ಟಿಗೆಯಣ್ಣ ಓಟ ಕಿತ್ತ.

ಇನ್ನು ಜೇಬು ನಂಬಿಕೆಯ ಜಾಗವಲ್ಲ. ಅವನಿಗೆ ಒಂದು ಯೋಚನೆ ಹೊಳೆಯಿತು, ಹೊಳೆದಾಗ ತನ್ನ ಬುದ್ಧಿಗೆ ತಾನೇ ಬೆರಗಾದ. ಸಾಮಾನು ಪೆಟ್ಟಿಗೆಯ ತಗಡಿನ ಡಬ್ಬಿಯಲ್ಲಿ ಅವನು ಮಾಡಿಟ್ಟ ಸುಳ್ಳು ಸಿಗಾರುಗಳು ಸಾಲಾಗಿ ಮಲಗಿದ್ದವು. ಅವುಗಳ ನಡುವೆ ನಿಜದ್ದನ್ನೂ ಮಲಗಿಸಿದ. ಸುಳ್ಳಿನ ಡಬ್ಬಿಯಲ್ಲಿ ನಿಜವನ್ನು ಯಾರು ಹುಡುಕುತ್ತಾರೆ? ರಂಗಕ್ಕೆ ಸಾಮಾನು ಇಡುವವನು ಹೇಗೂ ತಾನೇ.

ಎರಡನೇ ಅಂಕ ಮುಗಿದು ಪರದೆ ಬಿತ್ತು. ನಾಯಕಿ ಅತ್ತು ಅತ್ತು ಕೂತಿದ್ದ ಸೋಫಾದ ಕಾಲು ಅದೇ ಹೊತ್ತಿಗೆ ಲಟಕ್ಕನೆ ಮುರಿಯಿತು.

"ಪೆಟ್ಟಿಗೆಯಣ್ಣಾ! ಸುತ್ತಿಗೆ!"

ಅವನು ಸೋಫಾದ ಕೆಳಗೆ ಅಂಗಾತ ಮಲಗಿ ಮೊಳೆ ಹೊಡೆಯುವಷ್ಟರಲ್ಲಿ ಮೂರನೇ ಅಂಕದ ಗಂಟೆ ಬಾರಿಸಿದರು. ಬಟ್ಟೆ ಕೊಡವಿಕೊಂಡು ರಂಗದ ಪಕ್ಕದ ಮರೆಗೆ ಓಡಿದ. ಪರದೆ ಎದ್ದಿತು.

"ಅಯ್ಯಪ್ಪಾ! ಸಿಗಾರು ಇಡೋದೇ ಮರೆತೆ!" ಎಂದು ತಲೆ ಚಚ್ಚಿಕೊಂಡ.

"ಗಾಬರಿಯಾಗ್ಬೇಡಣ್ಣ," ಎಂದಳು ಬಣ್ಣದಕ್ಕ ಪ್ರೀತಿಯಿಂದ. "ನೀನು ಮೊಳೆ ಹೊಡೀತಿದ್ಯಲ್ಲ, ನಾನೇ ಡಬ್ಬಿಯಿಂದ ತೆಗೆದು ತಟ್ಟೇಲಿಟ್ಟೆ. ಇದ್ದದ್ದರಲ್ಲಿ ಚೆನ್ನಾಗಿರೋದನ್ನೇ ಆರಿಸಿದೆ. ಜುಟ್ಟು ಬೇರೆ ಮಾಡಿದ್ದೀಯ, ಎಂಥ ಕೈಚಳಕ ನಿಂದು!"

ಆ ಜುಟ್ಟು ಪೆಟ್ಟಿಗೆಯಣ್ಣ ಮಾಡಿದ್ದಾಗಿರಲಿಲ್ಲ.

ರಂಗದ ಮೇಲೆ ಯಜಮಾನ್ರು ಬಡ ಕುಟುಂಬದ ಮನೆಯನ್ನು ಜಪ್ತಿ ಮಾಡಲು ಬಂದಿದ್ದರು. ಆಟದ ಕ್ರಮ ಇಷ್ಟು: ಸಿಗಾರಿನ ತುದಿ ಕಚ್ಚಿ ಉಗಿಯಬೇಕು, ಹಚ್ಚಬೇಕು, ಒಂದೇ ಒಂದು ದಮ್ಮು ಎಳೆಯಬೇಕು, "ಈ ಮನೇಲಿರೋದೆಲ್ಲ ಇನ್ನು ನಂದು" ಎಂದು ಹೇಳಿ ಅದನ್ನು ಮದ್ಯದ ಲೋಟದಲ್ಲಿ ಅದ್ದಿ ಆರಿಸಬೇಕು. ಆ ಲೋಟದ ಉಪಾಯವೂ ಪೆಟ್ಟಿಗೆಯಣ್ಣನದೇ. ಹಿಂದೆ ಒಮ್ಮೆ ಎರಡನೇ ದಮ್ಮಿಗೆ ಕಾಗದ ಭಗ್ಗನೆ ಹೊತ್ತಿ ಯಜಮಾನ್ರ ಅಂಟಿಸಿದ ಮೀಸೆ ಅರ್ಧ ಸುಟ್ಟಿತ್ತು.

ಯಜಮಾನ್ರು ಜುಟ್ಟನ್ನು ಕಚ್ಚಿ ತುಪಕ್ಕನೆ ಉಗಿದರು. ಪೆಟ್ಟಿಗೆಯಣ್ಣ ತನ್ನ ಕಿವಿಯನ್ನೇ ಕಚ್ಚಿದಂತೆ ನರಳಿದ. ಕಡ್ಡಿ ಗೀರಿದರು. ಅಂಟಿನ ವಾಸನೆಗೆ ಸಿದ್ಧರಾಗಿ ಮುಖ ಕಿವುಚಿಕೊಂಡೇ ಎಳೆದರು.

ಕಿವುಚಿದ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. ಕಣ್ಣುಗಳು ತಾವಾಗಿ ಮುಚ್ಚಿದವು. ಬೆಚ್ಚನೆಯ ಘಮವೊಂದು, ಹಳೆ ಮರದ್ದೋ ಜೇನಿನದೋ ಹೇಳಲಾಗದಂಥದ್ದು, ರಂಗ ದಾಟಿ ಮರೆಯ ತನಕ ಬಂತು. ಪೆಟ್ಟಿಗೆಯಣ್ಣ ಜೀವಮಾನವಿಡೀ ಗಾಜಿನ ಆಚೆಯಿಂದ ಊಹಿಸಿಕೊಂಡಿದ್ದ ಘಮ ಅದು. ಅವನು ಊಹಿಸಿದ್ದಕ್ಕಿಂತ ಚೆನ್ನಾಗಿತ್ತು.

ಯಜಮಾನ್ರು ಎರಡನೇ ದಮ್ಮು ಎಳೆದರು. ಮೂರನೆಯದು. ಮಾತು ಮರೆತೇ ಹೋಯಿತು. ನಾಯಕಿ ಎರಡು ಸಲ ಹೆಚ್ಚಿಗೆ ಅತ್ತಳು. ಪ್ರೇಕ್ಷಕರು ಏನೋ ದೊಡ್ಡ ನಟನೆ ನಡೆಯುತ್ತಿದೆ ಎಂದುಕೊಂಡು ಉಸಿರು ಬಿಗಿಹಿಡಿದರು.

ಬೂದಿ ಬೆಳೆಯುತ್ತಿತ್ತು, ಸಿಗಾರು ಗಿಡ್ಡವಾಗುತ್ತಿತ್ತು. ಪೆಟ್ಟಿಗೆಯಣ್ಣನಿಗೆ ತಡೆಯಲಾಗಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಸೇವಕನ ಪಾತ್ರದ ಕೋಟನ್ನು ಸಿಕ್ಕಿಸಿಕೊಂಡು ರಂಗಕ್ಕೆ ನುಗ್ಗಿಯೇಬಿಟ್ಟ.

"ಯಜಮಾನ್ರೇ... ಅದು ನಂದು!"

ಯಜಮಾನ್ರು ಕಣ್ಣು ತೆರೆದರು. ಇವನ ಮುಖ ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು, ಎಲ್ಲ ಅರ್ಥವಾಯಿತು. ಆದರೂ ಇನ್ನೊಂದು ದಮ್ಮು ಎಳೆದರು.

"ಮನೆ ತಗೊಳ್ಳಿ, ಸೋಫಾ ತಗೊಳ್ಳಿ," ಪೆಟ್ಟಿಗೆಯಣ್ಣ ಎರಡೂ ಕೈ ಚಾಚಿದ. "ಅದೊಂದನ್ನ ಕೊಟ್ಬಿಡಿ. ಇನ್ನೂ ಅರ್ಧ ಇದೆ. ಬದುಕಲ್ಲಿ ಬೇರೇನೂ ಕೇಳಿದವನಲ್ಲ ನಾನು."

ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ಯಜಮಾನ್ರ ಕೈಯ ಸಿಗಾರು ಇವನ ಕಡೆಗೆ ಒಂದಿಷ್ಟು ಬಂದೂ ಬಂತು. ಅಷ್ಟರಲ್ಲಿ ಮರೆಯಿಂದ ಮ್ಯಾನೇಜರು ಹಲ್ಲು ಕಚ್ಚಿ ಪಿಸುಗುಟ್ಟಿದರು: "ಈ ಮನೇಲಿರೋದೆಲ್ಲ!"

ವರ್ಷಗಳ ಅಭ್ಯಾಸ. ಬಾಯಿ ತಾನಾಗಿ "ಈ ಮನೇಲಿರೋದೆಲ್ಲ ಇನ್ನು ನಂದು" ಎಂದಿತು, ಕೈ ತಾನಾಗಿ ಲೋಟಕ್ಕಿಳಿಯಿತು. ಚುಯ್ಯ್ ಎಂದಿತು.

"ಅಯ್ಯೋ!" ಎಂದು ಪೆಟ್ಟಿಗೆಯಣ್ಣ ಮಂಡಿಯೂರಿ ಕೂಗಿದ ಕೂಗಿಗೆ ಇಡೀ ರಂಗಮಂದಿರ ಎದ್ದು ನಿಂತಿತು. ಅಂಥ ಚಪ್ಪಾಳೆ ಆ ಕಂಪನಿ ಎಂದೂ ಕೇಳಿರಲಿಲ್ಲ.

ಪರದೆ ಬಿದ್ದ ಮೇಲೆ ಅವನು ಲೋಟದ ಮುಂದೆ ಕೂತಿದ್ದ. ಕೆಂಪು ನೀರಿನಲ್ಲಿ ಸಿಗಾರು ಉಬ್ಬಿ ಎಲೆ ಎಲೆಯಾಗಿ ಬಿಚ್ಚಿತ್ತು. ಮ್ಯಾನೇಜರು ಬಂದರು. ಕೆಲಸ ಹೋಯಿತು ಎಂದುಕೊಂಡ. ಅವರ ಬೆನ್ನಿಗೆ ಅಂಗಡಿಯ ಮುದುಕರೂ ಇದ್ದರು, ಕಣ್ಣು ಒದ್ದೆ.

"ಈ ಮುಖ ನನಗೆ ಗೊತ್ತು," ಎಂದರು ಮುದುಕರು. "ದಿನಾ ನನ್ನ ಗಾಜಿನ ಮೇಲೆ ಇರೋ ಮುಖ. ಆದ್ರೆ ಇಷ್ಟು ಆಸೆ ಇರುತ್ತೆ ಅಂತ ಇವತ್ತೇ ಗೊತ್ತಾಗಿದ್ದು. ನೋಡಿ ಮ್ಯಾನೇಜರೇ, ಆಟ ಮುಗೀತಿದ್ದ ಹಾಗೆ ಆಚೆ ಜನ ಆ ಸಿಗಾರು ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದಾರೆ. ಇನ್ಮೇಲೆ ದಿನಾ ಇದೇ ಆಟ, ಇದೇ ಕೂಗು. ಸಿಗಾರು ನಂದು, ಪೆಟ್ಟಿಗೆಗಟ್ಟಲೆ ಪುಕ್ಕಟೆ ಕಳಿಸ್ತೀನಿ. ಪರದೆ ಮೇಲೆ ನನ್ನ ಅಂಗಡಿ ಹೆಸರು ಬರೆಸಿ, ಸಾಕು."

ಪೆಟ್ಟಿಗೆಯಣ್ಣ ತಲೆ ಎತ್ತಿದ. "ಪೆಟ್ಟಿಗೆಗಟ್ಟಲೆ?"

"ಅದರ ಬೀಗದ ಕೈ ನಿನ್ನ ಹತ್ರಾನೇ," ಎಂದರು ಮ್ಯಾನೇಜರು ಉದಾರವಾಗಿ. "ಸಾಮಾನು ನೋಡ್ಕೊಳ್ಳೋನು ನೀನೇ ತಾನೆ."

ಅವನಿಗೆ ತಾರಸಿಯ ಸಿಂಹಾಸನ ಕಣ್ಣ ಮುಂದೆ ಬಂತು. ಒಂದಲ್ಲ, ಎಷ್ಟೋ ಸಂಜೆಗಳು ಸಾಲಾಗಿ ಬಂದು ಪಕ್ಕದಲ್ಲಿ ಕೂತಂತಾಯಿತು. ಮುದುಕರ ಕೈ ಹಿಡಿದುಕೊಂಡ.

"ಒಂದು ಕರಾರು," ಎಂದರು ಮುದುಕರು, ಅವನ ಕೈಯನ್ನು ಮೃದುವಾಗಿ ತಟ್ಟುತ್ತಾ. "ನೀವು ಮಾತ್ರ ಒಂದು ದಮ್ಮೂ ಎಳೀಬಾರದಪ್ಪ. ಒಂದ್ಸಲ ರುಚಿ ನೋಡಿದ್ರೆ ಆ ಕೂಗು ಹೋಯ್ತು. ಆಸೆ ತೀರಿದ ಮುಖಾನ ಯಾರು ಚೀಟಿ ತಗೊಂಡು ನೋಡ್ತಾರೆ?"

"ನಾನು ಕಣ್ಣಿಟ್ಟಿರ್ತೀನಿ," ಎಂದರು ಮ್ಯಾನೇಜರು.

"ಸೇದೋ ಕಷ್ಟ ಎಲ್ಲಾ ನನಗಿರ್ಲಿ," ಎಂದರು ಯಜಮಾನ್ರು, ಮೀಸೆ ಕೀಳುತ್ತಾ.

ಸಂಜೆಯ ಆಟದಲ್ಲೂ ಕೂಗಿ ಅವನು ಮನೆಗೆ ಬಂದಾಗ ಪರದೆಗಳು ಒಣಗಿ ಮಡಿಕೆಯಾಗಿದ್ದವು. ಬಾಲ್ಕನಿಯಲ್ಲಿ ಕುರ್ಚಿ ಹಾಕಿತ್ತು. ಪಕ್ಕದಲ್ಲಿ ಬೆಂಕಿಪೊಟ್ಟಣ, ಬೂದಿಗೆಂದು ಒಂದು ಬಸಿ.

"ಬೆಳಗ್ಗೆ ಸುಮ್ನೆ ಬೈದೆ ಅನಿಸ್ತು ಕಣ್ರೀ," ಎಂದಳು ಹೆಂಡತಿ. "ಇವತ್ತೊಂದಿನ ಸೇದ್ಕೊಳ್ಳಿ. ನಾನೂ ಪಕ್ಕದಲ್ಲಿ ಕೂತಿರ್ತೀನಿ." ಹತ್ತಿರ ಬಂದು ಕೋಟು ಮೂಸಿದಳು. "ಓಹೋ, ಆಗ್ಲೇ ಸೇದಿಬಿಟ್ರಾ? ಘಮ ಚೆನ್ನಾಗಿದೆಯಪ್ಪಾ. ಹೇಗಿತ್ತು?"

ಪೆಟ್ಟಿಗೆಯಣ್ಣ ಬೀಗದ ಕೈಯನ್ನು ಖಾಲಿ ಬಸಿಯೊಳಗೆ ಇಟ್ಟು ಕುರ್ಚಿಯಲ್ಲಿ ಕುಸಿದ.

"ಗೊತ್ತಿಲ್ಲ ಕಣೆ. ಅದರ ಮುಂದೆ ಅಳೋ ಕೆಲಸ ಸಿಕ್ಕಿದೆ."